ಪಾದಕ್ಕೆ ಕಟ್ಟಿದ ಕೆಂಪು ದೀಪ

ಹೆತ್ತ ಮಗುವನ್ನು ಎತ್ತಿಕೊಳ್ಳಲು ಇನ್ನೊಬ್ಬರ ಅಪ್ಪಣೆ ಬೇಕು ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ನನ್ನ ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಹಲಸೂರು ಕೆರೆಯ ಹತ್ತಿರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಅವಳು. ಹೊಟ್ಟೆಯ ಹೊಲಿಗೆ ಒತ್ತಿಹಿಡಿದುಕೊಂಡು ರಾಮಮೂರ್ತಿ ನಗರದಿಂದ ದಿನಾ ಆಟೊದಲ್ಲಿ ಬರುವವಳು ನಾನು.

ಅವಳ ಹಣೆಗೊಂದು ಪಟ್ಟಿ, ಪಾದಕ್ಕೊಂದು ಪಟ್ಟಿ, ಎರಡರಲ್ಲೂ ಪುಟ್ಟ ದೀಪ. ಪಾದದ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ, ತಲೆಯಲ್ಲಿ ಎಷ್ಟು ಉಳಿದಿದೆ ಎಂದು ಬೆಳಕಿನಿಂದಲೇ ನೋಡಿ, ಮಿದುಳು ಎಷ್ಟು ಬಳಸಿಕೊಂಡಿತು ಎಂದು ಯಂತ್ರ ಹೇಳುತ್ತಿತ್ತು. ಅದು ಸರಿಯಿದ್ದರೆ ಇವತ್ತು ಎದೆಗೆ ಕೊಡುತ್ತೇವೆ ಎಂದಿದ್ದರು ಡಾಕ್ಟರಮ್ಮ. ಹುಟ್ಟಿದಾಗಿನಿಂದ ನಾನು ಅವಳನ್ನು ಒಮ್ಮೆಯೂ ಎತ್ತಿಕೊಂಡಿರಲಿಲ್ಲ.

ಆ ದಿನ ಜೊತೆಗೆ ಬಂದಿದ್ದ ಅತ್ತೆ ಮೊದಲು ಒಳಗೆ ಹೋಗಿ ನೋಡಿ ಬಂದರು. ಆಮೇಲೆ ನಾನು ಹೋಗಿ, ಅಂಗಿಯ ಗುಂಡಿ ಬಿಚ್ಚಿ ಕುರ್ಚಿಯಲ್ಲಿ ಕೂತೆ. ನರ್ಸ್ ದಿನದಂತೆ ಪಾದದ ಪಟ್ಟಿ ಬಿಚ್ಚಿ, ಅವಸರದಲ್ಲಿ ಇನ್ನೊಂದು ಪಾದಕ್ಕೆ ಸುತ್ತಿದರು. ಯಂತ್ರ ಕಿರುಚಿಕೊಂಡಿತು.

"ಬ್ರೈನ್ ಆಕ್ಸಿಜನ್ ತಗೊಳ್ತಿಲ್ಲ, ನೀವು ಆಚೆ ಹೋಗಿ!" ಎಂದರು ನರ್ಸ್.

"ಮಗು ಕೆಂಪಗೇ ಇದೆಯಲ್ರೀ! ಅಳ್ತಾ ಇದೆಯಲ್ರೀ!" ಎಂದು ಬಾಯಿ ಬಡಿದುಕೊಂಡೆ. ಕೇಳುವವರು ಯಾರು? ರಟ್ಟೆ ಹಿಡಿದು ಹೊರಗೆ ತಂದು ಬಿಟ್ಟರು.

ಹೊರಗೆ ಅತ್ತೆ ಕಾದಿದ್ದರು. "ಹಾಗೆ ಕಣ್ಣು ನೆಟ್ಟು ನೋಡ್ಬೇಡ ಅಂತ ಎಷ್ಟು ಬಡ್ಕೊಂಡೆ? ಹೆತ್ತೋಳ ದೃಷ್ಟಿನೇ ಮೊದಲು ತಾಗೋದು" ಎಂದರು. ನಾನು ಗೋಡೆಗೆ ಒರಗಿದೆ.

ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಬಂದರು. ಕೈಯಲ್ಲಿ ಕಪ್ಪಾದ ಹತ್ತಿ. "ಮಗುಗೇನೂ ಆಗಿಲ್ಲ. ಅಂಗಾಲಿಗೆ ಕಾಡಿಗೆ ಹಚ್ಚಿದ್ದು ಯಾರ್ರೀ? ಪಟ್ಟಿಯ ಬೆಳಕು ದಾಟೋಕೇ ಬಿಟ್ಟಿಲ್ಲ ಅದು, ಯಂತ್ರ ತಪ್ಪು ಲೆಕ್ಕ ತೋರಿಸಿದೆ!"

"ದೃಷ್ಟಿ ಬೊಟ್ಟು ಕಣಮ್ಮಾ" ಎಂದರು ಅತ್ತೆ, ಒಂದಿಷ್ಟೂ ಅಳುಕದೆ. "ಹರಳೆಣ್ಣೆ ದೀಪದ್ದು, ಮನೇಲೇ ಮಾಡಿದ್ದು."

ಡಾಕ್ಟರಮ್ಮನಿಗೆ ರೇಗಿತು. ಸೋಂಕು ತಗುಲಿದರೆ ಯಾರು ಹೊಣೆ ಎಂದು ಕೂಗಾಡಿದರು. ತಾವು ಹೇಳುವವರೆಗೆ ಮನೆಯವರು ಯಾರೂ ಒಳಗೆ ಕಾಲಿಡಕೂಡದು ಎಂದರು. ಯಾರೂ ಅಂದರೆ ನಾನೂ. ಕೈಮುಗಿದೆ, ಕಾಲಿಗೆ ಬೀಳುತ್ತೇನೆ ಎಂದೆ. ಬಾಗಿಲು ಹಾಕಿಕೊಂಡುಬಿಟ್ಟರು.

ವಾಪಸು ಆಟೊದಲ್ಲಿ ಅತ್ತೆ ನೆಮ್ಮದಿಯಾಗಿ ಹೇಳಿದರು: "ನೋಡ್ದ್ಯಾ, ಬೊಟ್ಟಿಟ್ಟಿದ್ದಕ್ಕೇ ಮಗೂಗೆ ಏನೂ ಆಗ್ಲಿಲ್ಲ."

ಅಷ್ಟರಲ್ಲಿ ನನಗೆ ಹಾಲು ಸೋರಿ ಅಂಗಿಯೆಲ್ಲ ಒದ್ದೆಯಾಗಿತ್ತು. ಅದನ್ನು ಕಂಡು ತಮ್ಮ ಸೆರಗು ಹೊದಿಸಲು ಕೈ ಚಾಚಿದರು. ತಳ್ಳಿಬಿಟ್ಟೆ. ಇವತ್ತಿಗೂ ಆ ಕೈಯನ್ನು ನಾನಾಗಿ ಮುಟ್ಟಿಲ್ಲ.