ರೋಗಿಗೆ ತಂದ ಬ್ರೆಡ್ಡು

ಮೊನ್ನೆ ಜ್ವರವೆಂದು ಮಲಗಿದ್ದೆ. ಪಕ್ಕದ ಮನೆಯ ಪುಟ್ಟಮ್ಮನವರು ಬೇಕರಿಯ ಬಿಸಿ ಬ್ರೆಡ್ಡು ಹಿಡಿದು ನೋಡಲು ಬಂದರು. ವಾಸನೆ ಮೂಗಿಗೆ ಬಡಿದದ್ದೇ ತಡ, "ಅಯ್ಯೋ, ಬೇಡ, ವಾಪಸ್ ತಗೊಂಡೋಗಿ" ಎಂದುಬಿಟ್ಟೆ. ಪಾಪ, ಅವರ ಮುಖ ಸಣ್ಣದಾಯಿತು. ನನ್ನ ಕಷ್ಟ ಅವರಿಗೇನು ಗೊತ್ತು? ನಿಮಗಾದರೂ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಗೆ ನನಗೆ ತಿಪಟೂರಿನಲ್ಲಿ ಮೇಷ್ಟರ ಕೆಲಸ ಸಿಕ್ಕಿತು. ಹಂದನಕೆರೆಯ ಕಡೆಯವನು, ಮುದ್ದೆ ತಿಂದು ಬೆಳೆದವನು. ಪೇಟೆಗೆ ಬಂದವನೇ ಪ್ಯಾಂಟು ಹೊಲಿಸಿದೆ, ಗಡಿಯಾರ ಕಟ್ಟಿದೆ, ಮುದ್ದೆ ಬಿಟ್ಟೆ. ನಾಗರಿಕನಾಗಲು ಇನ್ನೇನು ಬೇಕು? ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಚಪಾತಿ. ಹೆಂಡತಿ "ನಂಗೊಂದ್ ಮುದ್ದೆ ಮಾಡ್ಕೊಳ್ಳಾ?" ಎಂದರೆ, ಮೇಷ್ಟರ ಮನೆಯ ಮರ್ಯಾದೆ ಕುರಿತು ಅರ್ಧ ಗಂಟೆ ಪಾಠ ಮಾಡುತ್ತಿದ್ದೆ.

ವರ್ಷ ತುಂಬುವುದರೊಳಗೆ ಹೊಟ್ಟೆ ಕೆಟ್ಟಿತು. ಯಾವ ಮಾತ್ರೆಗೂ ಜಗ್ಗಲಿಲ್ಲ. ಪಾಠದ ನಡುವೆ ಹೊರಗೆ ಓಡುವ ಮೇಷ್ಟರೆಂದು ಮಕ್ಕಳಿಗೆ ಅಚ್ಚುಮೆಚ್ಚಾದೆ. ನಮ್ಮ ಕಡೆ ಕಾಯಿಲೆಯವರನ್ನು ಬರಿಗೈಯಲ್ಲಿ ನೋಡಲು ಹೋಗುವುದುಂಟೇ? ಹೆಡ್‌ಮೇಷ್ಟರು ಒಂದು ಪೌಂಡ್ ಬ್ರೆಡ್ಡು ತಂದರು. ಕೊಬ್ಬರಿ ವ್ಯಾಪಾರದ ನನ್ನ ಭಾವಮೈದುನ ಎರಡು ಪೌಂಡ್ ತಂದ. "ತಿನ್ನಿ ಭಾವ, ಬೇಗ ಅರಗ್ತದೆ" ಎಂದ. ತಿಂದೆ, ಇನ್ನಷ್ಟು ಇಳಿದೆ. ನಾನು ಇಳಿದಷ್ಟೂ ಬ್ರೆಡ್ಡು ಏರಿತು. ಅಷ್ಟು ಅಕ್ಕರೆಯಿಂದ ಯಾರೂ ಯಾರನ್ನೂ ಕೊಂದಿರಲಾರರು.

ಅಣ್ಣನ ಜೊತೆ ಊರಲ್ಲಿದ್ದ ಅವ್ವ ಸುದ್ದಿ ಕೇಳಿ ಬಸ್ಸಿನಲ್ಲಿ ಬಂದಳು. ಕಂಕುಳಲ್ಲಿ ರಾಗಿಹಿಟ್ಟಿನ ಚೀಲ.

"ಹೊಟ್ಟೆಗ್ ಮುದ್ದೆ ಬಿದ್ದು ಎಷ್ಟ್ ದಿನ ಆಯ್ತ್ಲಾ ಮಗ? ಉಣ್ಣು, ಎಲ್ಲಾ ಸರಿಹೋಯ್ತದೆ ಬುಡು."

ಮೂರು ಡಾಕ್ಟರಿಗೆ ಗೊತ್ತಾಗದ್ದು ಇವಳಿಗೆ ಗೊತ್ತಾಯಿತೇ? ಹೆಡ್‌ಮೇಷ್ಟರು ಬೇರೆ ಎದುರಿಗೇ ಕೂತಿದ್ದರು. "ವಾಪಸ್ ತಗೊಂಡೋಗವ್ವ" ಎಂದೆ. ಅವಳು ಚೀಲ ಎತ್ತಿಕೊಂಡು ಸಂಜೆಯ ಬಸ್ಸಿಗೆ ಹೊರಟಳು.

ಕೊನೆಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಬಾಯೊಳಗೆ ಕೊಳವೆ ಇಳಿಸಿ, ಕರುಳಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಸೀಲಿಯಾಕ್ ಅಂತೆ. ಗೋಧಿಯೇ ನನ್ನ ಕರುಳಿಗೆ ವಿಷ. ಔಷಧವಿಲ್ಲ, ಮೈದಾ ರವೆ ಸಮೇತ ಸಾಯುವ ತನಕ ಬಿಡಬೇಕು. ಇನ್ನೇನು ತಿನ್ನಲಿ ಎಂದು ಗೋಳಾಡಿದೆ. ಡಾಕ್ಟರು ಚೀಟಿಯಿಂದ ತಲೆ ಎತ್ತಿದರು.

"ನಿಮ್ ಕಡೆ ರಾಗಿ ಬೆಳೆಯಲ್ವೇನ್ರೀ?"

ಕಾಯಿಲೆಗಿಂತ ನಾಚಿಕೆಯೇ ದೊಡ್ಡದಾಯಿತು. ನೆಟ್ಟಗೆ ಊರಿಗೆ ಹೋಗಿ ತಟ್ಟೆ ಮುಂದೆ ಕೂತೆ.

"ಮೇಷ್ಟ್ರು ಮುದ್ದೆ ಉಣ್ತಾರಾ? ಬ್ರೆಡ್ ತರುಸ್ಲೇನಪ್ಪ?" ಎಂದಳು ಅವ್ವ. ಕೇಳುವ ಹಕ್ಕು ಅವಳಿಗಿತ್ತು.

ಬಿಸಿ ಮುದ್ದೆ, ಹುರುಳಿಕಾಳಿನ ಸಾರು. ಮೂರು ತಿಂಗಳಲ್ಲಿ ಪ್ಯಾಂಟು ಸೊಂಟದ ಮೇಲೆ ನಿಂತಿತು. ಅವ್ವನಿಗೆ "ತಪ್ಪಾಯ್ತು" ಎನ್ನಬೇಕಿತ್ತು. ಊರ ಮಕ್ಕಳಿಗೆಲ್ಲ ಮಾತು ಕಲಿಸುವ ಮೇಷ್ಟರ ಬಾಯಲ್ಲಿ ಆ ಒಂದು ಮಾತು ಬರಲಿಲ್ಲ. "ಇನ್ನೊಂದ್ ಹಾಕವ್ವ" ಎಂದೆ. ಅವಳು ಹಾಕಿದಳು. ಅವಳು ಹೋಗಿಯೂ ಈಗ ವರ್ಷಗಳಾದವು.

ಮೊನ್ನೆ ಪುಟ್ಟಮ್ಮನವರು ಬ್ರೆಡ್ಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿಯುತ್ತಿದ್ದರು. ಆ ಬೆನ್ನು ನೋಡಿ ಮಲಗಿರಲಾಗಲಿಲ್ಲ. ಜ್ವರದಲ್ಲೇ ಎದ್ದು ಬಾಗಿಲಿಗೆ ಹೋಗಿ ಕೂಗಿದೆ:

"ಪುಟ್ಟಮ್ಮೋರೇ, ಬನ್ನಿ, ಕೂತ್ಕೊಳ್ಳಿ. ತಪ್ಪಾಯ್ತು."

"ಇಷ್ಟಕ್ಕೆಲ್ಲಾ ತಪ್ಪಾಯ್ತು ಅಂತಾರೇನ್ರೀ?" ಎಂದು ಅವರು ನಕ್ಕು ಒಳಗೆ ಬಂದರು.