ಚೀಕಲಪರ್ವಿಯ ಖಾಲಿ ಬಸ್ಸು

ಚೀಕಲಪರ್ವಿ ಬಸ್ಸು ಖಾಲಿ ಓಡುತ್ತದೆ ಎಂದು ಕಂಪ್ಯೂಟರ್ ಹೇಳಿದ ದಿನ ಆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಡಕ್ಟರ್ ಉರುಕುಂದಪ್ಪ ಫುಟ್‌ಬೋರ್ಡಿನ ಮೇಲೆ ಜೋತುಬಿದ್ದುಕೊಂಡೇ ಮಾನ್ವಿ ಮುಟ್ಟಿದ್ದ. ಇದಕ್ಕೇನನ್ನೋಣ? ಯಂತ್ರ ಸುಳ್ಳು ಹೇಳಿತು ಎನ್ನಲು ಬಾಯಿಲ್ಲ. ತಿನ್ನಿಸಿದ್ದನ್ನೇ ಅದು ಕಕ್ಕಿತು. ತಿನ್ನಿಸಿದವನು ಇದೇ ಉರುಕುಂದಪ್ಪ.

ದೇವದುರ್ಗದ ಕೂಲಿಕಾರರ ಕೇರಿಯಲ್ಲಿ ಸರಕಾರಿ ಬಸ್ಸಿನ ಖಾಕಿ ತೊಟ್ಟ ಮೊದಲ ಮಗ ಅವನು. ಎಪ್ಪತ್ನಾಲ್ಕರಲ್ಲಿ ನೌಕರಿ ಸಿಕ್ಕಾಗ ತಾಯಿ ಬೂದೆಮ್ಮ ತನ್ನ ಹರೆಯದ ಸಂಗತಿಯೊಂದನ್ನು ಹೇಳಿದ್ದಳು. ಮಳೆಯಲ್ಲಿ ಕಳೆ ತೆಗೆದು ಬಂದು ಬಸ್ಸು ಹತ್ತಿದವಳು, ಸೆರಗಿನ ಗಂಟು ಬಿಚ್ಚಿ ರೊಕ್ಕ ಚಾಚಿದ್ದಳಂತೆ. ಕಂಡಕ್ಟರು ಆ ಕೈ ನೋಡಿ, ಕೆಸರು ನೋಡಿ, ಕೇರಿ ಯಾವುದೆಂದು ಅಂದಾಜು ಮಾಡಿ, ಬಾಗಿಲಿಂದ ಹೊರಗೆ ದಬ್ಬಿದ್ದ. "ಕೂಲಿ ಹೆಣ್ಮಕ್ಕಳನ್ನ ನೀ ಹಂಗ ಇಳಿಸಬ್ಯಾಡಪಾ" ಎಂದು ಮಗನ ಗಲ್ಲ ಹಿಡಿದು ಬೇಡಿಕೊಂಡಿದ್ದಳು.

ಮಗ ಇಳಿಸಲಿಲ್ಲ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಅವನ ಗಂಟೇನು ಹೋಗುತ್ತಿತ್ತು! ಆದರೆ ಚೀಕಲಪರ್ವಿಯಲ್ಲಿ ರಾತ್ರಿ ನಿಂತು, ಬೆಳಕು ಹರಿಯುವಾಗ ಮಾನ್ವಿ ಮೇಲೆ ರಾಯಚೂರಿಗೆ ಹೊರಡುವ ವಸತಿ ಬಸ್ಸು ಅವನ ಪಾಲಿಗೆ ಬಂತು. ಅವನ ಅಕ್ಕ ಅಯ್ಯಮ್ಮನನ್ನು ಕೊಟ್ಟದ್ದೂ ಅದೇ ಊರಿಗೆ. ನೆಲ್ಲು ಹಚ್ಚಲು ಮಾನ್ವಿ ಕಡೆ ಹೋಗುವ ಹೆಂಗಸರು ಅವಳ ಜೊತೆ ಬಂದು ಬಸ್ಸು ತುಂಬುತ್ತಿದ್ದರು. ಅವರು ರೊಕ್ಕ ಚಾಚಿದರೆ ಉರುಕುಂದಪ್ಪ ಕೈ ಅಡ್ಡ ಹಿಡಿಯುತ್ತಿದ್ದ.

"ಇಟ್ಕೊ ಯವ್ವಾ, ಮಕ್ಳಿಗೆ ಬೆಲ್ಲ ಒಯ್ಯಿ."

"ಟಿಕೆಟ್ ಹರೀಲಿಲ್ಲಂದ್ರ ಹೆಂಗೋ ತಮ್ಮಾ? ಚೆಕಿಂಗಿನವ್ರು ಬಂದ್ರ?" ಎಂದು ಅಯ್ಯಮ್ಮ ಕೇಳುವಳು.

"ಈ ಹಾಳು ದಾರಿಗೆ, ಇಷ್ಟು ನಸುಕಿನ್ಯಾಗ ಯಾವನು ಬರ್ತಾನ ಬಿಡಕ್ಕಾ!"

ನಿಜಕ್ಕೂ ಯಾರೂ ಬರಲಿಲ್ಲ. ಹೆಂಗಸರು ರೊಟ್ಟಿ ಕೊಟ್ಟರು, ಶೇಂಗಾ ಕೊಟ್ಟರು, ನಿನ್ನ ಹೊಟ್ಟಿ ತಣ್ಣಗಿರಲಿ ಎಂದು ಹರಸಿದರು. ಹರಸಿಕೊಳ್ಳುವ ಚಟ ಬಹಳ ಕೆಟ್ಟದ್ದು, ಒಮ್ಮೆ ಹತ್ತಿತೆಂದರೆ ಬಿಡುವುದಿಲ್ಲ. ಉರುಕುಂದಪ್ಪ ಬಸ್ಸಿನಲ್ಲಿ ಧಣಿಯ ಹಾಗೆ ಎದೆಯುಬ್ಬಿಸಿ ಓಡಾಡಿದ. ಡ್ಯೂಟಿ ಮುಗಿಸಿ ವೇಬಿಲ್ಲಿನಲ್ಲಿ ಟಿಕೆಟ್ಟಿನ ಲೆಕ್ಕ ತೋರಿಸುವಾಗ ಮಾನ್ವಿಯವರೆಗಿನ ಸಾಲು ಹೆಚ್ಚುಕಡಿಮೆ ಬರಿದಾಗಿರುತ್ತಿತ್ತು.

ಆಗ ಅದರಿಂದ ಏನೂ ಕೆಡಲಿಲ್ಲ. ಡಿಪೋ ಮ್ಯಾನೇಜರ್ ಅಲ್ಲಾಉದ್ದೀನ್ ಸಾಹೇಬರು ಆಗಾಗ ನಸುಕಿನಲ್ಲೇ ಮಾನ್ವಿಗೆ ಬಂದು, ಬೇವಿನ ಮರದ ಕೆಳಗೆ ಚಹಾ ಹಿಡಿದು ನಿಲ್ಲುತ್ತಿದ್ದರು. ಯಾವ ಬಸ್ಸಿನಿಂದ ಎಷ್ಟು ಮಂದಿ ಇಳಿಯುತ್ತಾರೆ ಎಂದು ನೋಡಿ, ಯಾವುದು ಇರಬೇಕು, ಯಾವುದು ಬೇಡ ಎಂದು ಅಲ್ಲೇ ಹೇಳಿಬಿಡುವರು. ವೇಬಿಲ್ಲಿಗೂ ಮಂದಿಗೂ ತಾಳೆಯಾಗದ್ದು ಅವರಿಗೆ ಗೊತ್ತಿದ್ದಿರಬೇಕು. ಬಾಯಿ ಬಿಡಲಿಲ್ಲ, ಪುಣ್ಯಾತ್ಮ.

ಎಂಬತ್ತಾರರಲ್ಲಿ ಅವರು ನಿವೃತ್ತರಾದರು. ಅದೇ ಹೊತ್ತಿಗೆ ಬೆಂಗಳೂರಿನ ಆಫೀಸಿಗೆ ಕಂಪ್ಯೂಟರ್ ಬಂತು. ಇಲ್ಲಿಂದ ಹೋದ ವೇಬಿಲ್ಲುಗಳು ಅಂಚಿಗೆ ತೂತುಗಳಿದ್ದ ಅಗಲದ ಕಾಗದವಾಗಿ ತಿರುಗಿ ಬರತೊಡಗಿದವು. ಯಾವ ಬಸ್ಸು ಲಾಭ, ಯಾವುದು ನಷ್ಟ, ಯಾವುದನ್ನು ನಿಲ್ಲಿಸಿದರೆ ಎಷ್ಟು ಡೀಸೆಲ್ ಉಳಿತಾಯ ಎಂಬುದೆಲ್ಲ ಅದರಲ್ಲೇ ಇರುತ್ತಿತ್ತು. ಈಗಿನ ಸಾಹೇಬರು ಯೋಚನೆ ಮಾಡಬೇಕಾದದ್ದು ಕಡಿಮೆ, ಸಹಿ ಹಾಕಬೇಕಾದದ್ದು ಹೆಚ್ಚು. ಮುಂದಿನ ಒಂದನೇ ತಾರೀಖಿನಿಂದ ಚೀಕಲಪರ್ವಿ ಬಸ್ಸು ಬಂದ್ ಎಂದು ಹೊಸ ಮ್ಯಾನೇಜರು ನೋಟಿಸು ಹಚ್ಚಿಸಿದರು.

ಉರುಕುಂದಪ್ಪ ಆ ನೋಟಿಸನ್ನು ಎರಡೆರಡು ಸಲ ಓದಿದ. ಬಾಯಿ ಮುಚ್ಚಿಕೊಂಡರೆ ನೌಕರಿ ಉಳಿಯುತ್ತದೆ, ಆದರೆ ಅಕ್ಕ ಮತ್ತವಳ ಜೊತೆಯವರು ಕೂಲಿಗೆ ಹೋಗುವುದು ಹೇಗೆ? ಬಾಯಿ ಬಿಟ್ಟರೆ ಬಸ್ಸು ಉಳಿದೀತು, ನೌಕರಿ ಹೋದೀತು. ಹಾಳಾಗಿ ಹೋಗಲಿ ಎಂದು ರಾಯಚೂರಿನ ಡಿಪೋದಲ್ಲಿ ಮ್ಯಾನೇಜರ ಕೋಣೆಗೆ ನುಗ್ಗಿದ.

"ಸಾಹೇಬ್ರ, ಬಸ್ಸು ಖಾಲಿ ಇಲ್ರಿ. ನಾನ ಟಿಕೆಟ್ ಹರದಿಲ್ರಿ. ಒಂದು ಪೈಸಾನೂ ತಿಂದಿಲ್ರಿ, ನಮ್ಮವ್ವನ ಆಣಿ. ನಾಳಿ ಮಾನ್ವಿಗೆ ಬಂದು ನೀವ ನೋಡ್ರಿ."

ಮ್ಯಾನೇಜರು ಮೈಸೂರು ಕಡೆಯವರು. ಕೆಟ್ಟವರೇನಲ್ಲ, ಕುರ್ಚಿ ತೋರಿಸಿ ಕೂರು ಎಂದರು. "ಬಂದು ನೋಡಿ ಏನು ಮಾಡಲಪ್ಪ? ನಾನು ಕಣ್ಣಲ್ಲಿ ಕಂಡದ್ದನ್ನು ಆ ಕಂಪ್ಯೂಟರಿಗೆ ಹೇಳೋದು ಹೇಗೆ? ಅದಕ್ಕೆ ಟಿಕೆಟ್ ಬೇಕು. ಆದರೆ ನೀನೀಗ ಹೇಳಿದ್ದನ್ನು ನಾನು ಮೇಲಿನವರಿಗೆ ತಿಳಿಸಲೇಬೇಕು, ಗೊತ್ತಲ್ಲ?"

ತಿಳಿಸಿದರು. ವಾರದೊಳಗೆ ಉರುಕುಂದಪ್ಪ ಸಸ್ಪೆಂಡ್ ಆದ. ಬಸ್ಸಿನ ನೋಟಿಸು ಮಾತ್ರ ಗೋಡೆಯ ಮೇಲೆ ಹಾಗೆಯೇ ಇತ್ತು. ಜೊತೆಗಾರರು "ಎಷ್ಟು ಗಂಟು ಮಾಡಿದ್ಯೋ ಮಾರಾಯಾ" ಎಂದು ಹಲ್ಲು ಕಿಸಿದರು. ಥೂ, ಆ ನಗುವಿಗೆ ಬೆಂಕಿ ಬೀಳಲಿ!

ಒಂದನೇ ತಾರೀಖು ಬಂತು. ಉರುಕುಂದಪ್ಪ ಹಿಂದಿನ ದಿನವೇ ಅಕ್ಕನ ಊರು ಸೇರಿದ್ದ. ಬೆಳಿಗ್ಗೆ ಹೆಂಗಸರು ಬುತ್ತಿ ಹಿಡಿದು ರೂಢಿಯಂತೆ ಬಸ್ಸು ನಿಲ್ಲುವ ಕಟ್ಟೆಗೆ ಬಂದರು. ಬಸ್ಸಿರಲಿಲ್ಲ. ಅವನು ನಡೆದದ್ದನ್ನೆಲ್ಲ ಹೇಳಿದ. ಯಾರಾದರೂ ಅಯ್ಯೋ ಎಂದಾರು ಎಂಬ ಆಸೆ ಅವನಿಗೆ.

"ನಿಮ್ಮ ಸಲುವಾಗಿ ನೌಕರಿ ಕಳಕೊಂಡ್ನೆಕ್ಕಾ" ಎಂದ.

"ನಮ್ಮ ಸಲುವಾಗಿ?" ಅಯ್ಯಮ್ಮ ಸರ್ರನೆ ತಿರುಗಿದಳು. "ಪುಗಸಟ್ಟೆ ಒಯ್ಯಿ ಅಂತ ನಿನ್ನ ಕಾಲು ಹಿಡಿದಿದ್ವೇನೋ? ದಿನಾ ರೊಕ್ಕ ಹಿಡಕೊಂಡ ಬರ್ತಿದ್ವಿ. ಅವತ್ತು ಅವ್ವನ ಕೈಯಾಗಿನ ರೊಕ್ಕ ಆ ಕಂಡಕ್ಟರ ಇಸ್ಕೊಳ್ಳಿಲ್ಲ. ನಮ್ಮ ಕೈಯಾಗಿಂದು ನೀನೂ ಇಸ್ಕೊಳ್ಳಿಲ್ಲ. ಅವ ದಬ್ಬಿ ಇಳಿಸಿದ, ನೀನು ಕುಂದ್ರಿಸಿ ಇಳಿಸಿದಿ."

ಅಯ್ಯಮ್ಮ ಬುತ್ತಿಗಂಟು ತಲೆಯ ಮೇಲಿಟ್ಟುಕೊಂಡು ಮಾನ್ವಿ ದಾರಿ ಹಿಡಿದಳು. ಉಳಿದ ಹೆಂಗಸರೂ ಅವಳ ಹಿಂದೆ ನಡೆದರು.