ಎಂಜಿನ್ ಮೇಲಿನ ಚಹಾ

ರಾಮದುರ್ಗದ ಗ್ಯಾರೇಜಿನಲ್ಲಿ ನನ್ನ ರೇಸ್ ಕಾರಿನ ಎಂಜಿನ್ ಬಿಚ್ಚಿ ಕಟ್ಟಿ ಮುಗಿದಿತ್ತು. ಉಳಿದದ್ದು ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ದಂಡದ ತುದಿಗೆ ಕೂರುವ ಪುಲ್ಲಿ, ಬ್ಯಾಲೆನ್ಸರ್ ಅನ್ನುತ್ತಾರಲ್ಲ, ಅದೊಂದೇ. ಕಂಪನಿಯದಕ್ಕೆ ನಡುವೆ ರಬ್ಬರಿನ ಬಳೆಯಿರುತ್ತದೆ. ಗಾಡಿ ಜೋರು ಹಿಡಿದಾಗ ಕ್ರ್ಯಾಂಕಿಗೆ ಹತ್ತುವ ನಡುಕವನ್ನು ಆ ರಬ್ಬರು ನುಂಗಿಬಿಡುತ್ತದೆ.

ನಾನು ಹೋಗುವಷ್ಟರಲ್ಲಿ ಮಿಸ್ತ್ರಿ ನನ್ನನ್ನು ಕೇಳದೆಯೇ ರಬ್ಬರಿಲ್ಲದ ಹಗುರ ಅಲ್ಯೂಮಿನಿಯಂ ಪುಲ್ಲಿ ಕೂರಿಸಿದ್ದ. ಎಂಜಿನ್ ಚಾಲೂ ಮಾಡಿ, ಅದರ ಮೇಲೆ ತುಂಬಿದ ಚಹಾ ಕಪ್ಪು ಇಟ್ಟ. ನಮ್ಮ ಕಡೆ ಎಂಜಿನ್ ಪರೀಕ್ಷೆಯೆಂದರೆ ಇದೇ.

"ನೋಡ್ರಿ ಅಕ್ಕಾರ, ಒಂದು ಹನಿ ಚೆಲ್ಲಂಗಿಲ್ಲ. ರಬ್ಬರಿನ ಭಾರ ಯಾಕ ಬೇಕ್ರಿ? ಇದು ಹಾರತೈತಿ."

ಅಲ್ಲಿದ್ದ ಗಂಡಸರೆಲ್ಲ ಹೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಕಟಕೋಳದ ರಸ್ತೆಯಲ್ಲಿ ಜೋರು ಓಡಿಸುವಾಗ ಇದೇ ಕಾರಿನ ಹಳೆಯ ಕ್ರ್ಯಾಂಕ್ ಎರಡು ತುಂಡಾದಾಗ ಅದರ ತುದಿಗಿದ್ದದ್ದೂ ಹಿಂದಿನ ಮಾಲೀಕ ಹಾಕಿಸಿದ್ದ ಇಂಥದೇ ಪುಲ್ಲಿ. ಅವತ್ತೂ ಗಾಡಿ ಮನೆಯ ಮುಂದೆ ನಿಂತಿದ್ದಾಗ ಎಂಜಿನ್ ಚೂರೂ ನಡುಗಿರಲಿಲ್ಲ.

"ನಿಂತ ಗಾಡ್ಯಾಗ ಚಹಾ ಯಾಕ ಚೆಲ್ಲತೈತಿ? ನಾ ಇದನ್ನ ನಿಲ್ಲಿಸಾಕ ಕಟ್ಟಿಸಿಲ್ಲ, ಓಡಸಾಕ ಕಟ್ಟಿಸೇನಿ," ಎಂದೆ.

ಹಿಂದಿನಿಂದ ಒಬ್ಬ ನಕ್ಕ. "ಹೆಣ್ಮಕ್ಕಳು ಎಷ್ಟ ಜೋರ ಓಡಸ್ತಾರ ಬಿಡ್ರಿ. ಯಾವುದು ಹಾಕಿದ್ರೂ ನಡೀತೈತಿ."

ಅವನತ್ತ ತಿರುಗಿಯೂ ನೋಡಲಿಲ್ಲ. ಎಂಜಿನ್ ಮೇಲಿನ ಕಪ್ಪನ್ನು ಎತ್ತಿಕೊಂಡೆ. ಎಲ್ಲರೂ ನೋಡುತ್ತಿದ್ದಂತೆಯೇ ನಿಂತಲ್ಲೇ ಸಾವಕಾಶ ಪೂರ್ತಿ ಕುಡಿದು, ಖಾಲಿ ಕಪ್ಪನ್ನು ಮಿಸ್ತ್ರಿಯ ಕೈಗೆ ಕೊಟ್ಟೆ.

"ಚಹಾ ಚೊಲೋ ಐತ್ರಿ. ಈಗ ಇದನ್ನ ಬಿಚ್ಚಿ ರಬ್ಬರಿಂದು ಹಾಕ್ರಿ."